ಒಂದು ಚಮಚ ಸಾರು

ಬೈರಿದೇವರಕೊಪ್ಪದಲ್ಲಿ ಸಾವಕ್ಕನ ಖಾನಾವಳಿ ಎಲ್ಲಿದೆ ಎಂದು ಕೇಳುವವನು ಊರಿಗೆ ಹೊಸಬನೇ ಇರಬೇಕು. ಬೋರ್ಡು ಗೀರ್ಡು ಏನೂ ಇಲ್ಲ. ಮನೆಯ ಮುಂದಿನ ಖೋಲಿಯಲ್ಲಿ ಆರು ಮೇಜು, ಗೋಡೆಗೆ ಬಸವಣ್ಣನ ಫೋಟೋ, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ತಾರಿಹಾಳದ ಕಾರ್ಖಾನೆಗಳ ಕೆಲಸಗಾರರು ಆ ಸಪ್ಪಳ ಹಿಡಿದೇ ಬರುತ್ತಿದ್ದರು. ಇಪ್ಪತ್ತೆರಡು ವರ್ಷ ಆಕೆ ಅವರಿಗೆಲ್ಲ ಉಣ್ಣಲು ಹಾಕಿದಳು. ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುವ ಧೈರ್ಯ ಯಾರಿಗೂ ಇರಲಿಲ್ಲ. ಹನಮೇಶ ಎಂಬ ವೆಲ್ಡರ್ ಒಮ್ಮೆ ಹಾಗೆ ಎದ್ದಿದ್ದ. ಆಕೆ ಬಾಗಿಲಿಗೆ ಅಡ್ಡ ನಿಂತಳು.

"ಯಾಕಪಾ, ನಾಳೆ ನಿಮ್ಮವ್ವ ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

ಹನಮೇಶನಿಗೆ ಆಗಲೇ ನಲವತ್ತು ವರ್ಷ. ಅವನು ಹಿಂದಿರುಗಿ ಕೂತು ಉಂಡ.

ಇಂಥ ಸಾವಕ್ಕ ತಾನು ಮಾಡಿದ ಅಡುಗೆಯ ಉಪ್ಪು ತಾನು ನೋಡುತ್ತಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಖರೇ. ಅಮ್ಮಿನಬಾವಿಯಲ್ಲಿ ಆಕೆಯ ತಾಯಿ ಮುರಿಗೆವ್ವ ಕಲಿಸಿದ್ದು ಅದು: ನೀಡುವವಳು ಎಲ್ಲರೂ ಉಂಡ ಮೇಲೆ ಉಣ್ಣಬೇಕು, ಅಲ್ಲಿಯವರೆಗೆ ನಾಲಿಗೆಗೆ ಏನೂ ತಾಗಿಸಬಾರದು. ಹಾಗಾಗಿ ಉಪ್ಪು ನೋಡುವ ಕೆಲಸ ಗಂಡ ಗುರುಶಿದ್ದಪ್ಪನದು. ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನು ನಡೆಸುತ್ತಿದ್ದ ಮನುಷ್ಯ ಅವನು, ಕೂದಲೆಳೆಯ ಅಳತೆಯನ್ನೂ ಬಿಟ್ಟುಕೊಡದವನು. ಮುಂಜಾನೆ ಕೆಲಸಕ್ಕೆ ಹೊರಡುವ ಮುಂಚೆ ಒಲೆಯ ಹತ್ತಿರ ಬಂದು ನಿಲ್ಲುತ್ತಿದ್ದ. ಗೋಡೆಯ ಮೊಳೆಗೆ ತೂಗಿಸಿದ ಅವನದೇ ಒಂದು ಹಿತ್ತಾಳೆ ಚಮಚ ಇತ್ತು. ಆಕೆ ಅದರಲ್ಲಿ ಸಾರು ತೆಗೆದು, ಊದಿ, ಅವನ ಬಾಯಿಗೆ ಹಿಡಿಯುತ್ತಿದ್ದಳು. ಅವನು ಕಣ್ಣು ಮುಚ್ಚಿ ನುಂಗಿ ಒಂದೋ "ಚಿಟಿಕಿ ಬೇಕು" ಅನ್ನುವನು, ಇಲ್ಲವೇ "ಹೂಂ" ಅನ್ನುವನು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಆಕೆಗೆ ಸಿಕ್ಕ ಪ್ರೀತಿಯ ಮಾತು ಆ "ಹೂಂ" ಒಂದೇ. ಆಕೆಗೆ ಅಷ್ಟು ಸಾಕಾಗಿತ್ತು.

ಶ್ರಾವಣ ಸೋಮವಾರಗಳಂದು ಗುರುಶಿದ್ದಪ್ಪ ಸಂಜೆಯವರೆಗೆ ಉಪವಾಸ. ಆದರೆ ಆ ದಿನವೂ ಉಪ್ಪು ನೋಡುತ್ತಿದ್ದ. ಅದರಿಂದ ಉಪವಾಸ ಮುರಿಯುವುದಿಲ್ಲ ಎಂದು ಇಬ್ಬರಿಗೂ ನಂಬಿಕೆ. ಊಟ ಬೇರೆ, ಉಪ್ಪು ನೋಡುವುದು ಬೇರೆ. ಈ ಮಾತು ನೆನಪಿರಲಿ, ಯಾಕೆಂದರೆ ಮುಂದಿನದೆಲ್ಲ ಹಾಳಾದದ್ದು ಇದರಿಂದಲೇ.

ಹೋದ ವರ್ಷ ಯುಗಾದಿ ಮುಗಿದ ವಾರದಲ್ಲಿ ಗುರುಶಿದ್ದಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ಬಾಯಿ ಒಂದು ಕಡೆಗೆ ಎಳೆಯಿತು, ಮಾತು ನಿಂತಿತು. ಹನ್ನೆರಡು ದಿನ ದವಾಖಾನೆಯಲ್ಲಿಟ್ಟು, ಜೀವಕ್ಕೇನೂ ಭಯವಿಲ್ಲ, ಮೆತ್ತಗಿನದು ಉಣಿಸಿರಿ ಎಂದು ಮನೆಗೆ ಕಳಿಸಿದರು. ಸಾವಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. ಉಣಿಸುವುದೇ ಔಷಧ ಎಂದಾದರೆ ಹುಬ್ಬಳ್ಳಿ-ಧಾರವಾಡದಲ್ಲಿ ತನಗಿಂತ ದೊಡ್ಡ ಡಾಕ್ಟರ್ ಯಾರಿದ್ದಾರೆ ಎಂಬ ಸೊಕ್ಕು ಆಕೆಗೆ ಇತ್ತು, ಇರಲಿ ಬಿಡಿ, ಗಳಿಸಿದ ಸೊಕ್ಕೇ ಅದು. ಹಾಲಿನಲ್ಲಿ ರೊಟ್ಟಿ ನೆನೆಸಿ, ಅನ್ನ ಕಿವುಚಿ, ತಿಳಿಸಾರು ಕಲಸಿ ತುತ್ತು ಮಾಡಿ ಹಾಕತೊಡಗಿದಳು.

ಮೂರನೆಯ ತುತ್ತಿಗೆ ಅವನಿಗೆ ನೆತ್ತಿಗೇರುತ್ತಿತ್ತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕೆಮ್ಮಿ ಕೆಮ್ಮಿ ಸಾಕಾಗುತ್ತಿದ್ದ. ಉಣ್ಣುವಾಗ ನೆತ್ತಿಗೇರಿದರೆ ಯಾರೋ ನೆನೆಸುತ್ತಿದ್ದಾರೆ ಎಂದು ಅರ್ಥ. ಇದು ಯಾರಿಗೆ ಗೊತ್ತಿಲ್ಲ? ಸಾವಕ್ಕ ಅವನ ನೆತ್ತಿಯ ಮೇಲೆ ಮೆಲ್ಲಗೆ ಬಡಿದು, "ಜಯಾ ನೆನಸಾಕತ್ತಾಳ ನೋಡ್ರಿ," ಅನ್ನುತ್ತಿದ್ದಳು. ಜಯಾ ಅವರ ಒಬ್ಬಳೇ ಮಗಳು, ಅಮ್ಮಿನಬಾವಿಗೇ ಕೊಟ್ಟಿದ್ದರು. ಆಮೇಲೆ ಆಕೆಗೆ ಫೋನು.

"ಈಗ ಅಪ್ಪನ್ನ ನೆನಿಸಿದೇನವಾ?"

"ಹೌದಬೇ, ಈಗರ ನೆನಿಸಿದ್ನಿ," ಅನ್ನುತ್ತಿದ್ದಳು ಜಯಾ. ಅಪ್ಪನನ್ನು ಆ ದಿನಗಳಲ್ಲಿ ನೆನೆಸದ ಗಳಿಗೆ ಆಕೆಗೆ ಯಾವುದಿತ್ತು?

ಎರಡು ತಿಂಗಳು ಹೀಗೆ ನಡೆಯಿತು. ಯಾವ ಡಾಕ್ಟರಿಗೂ ಸಾವಕ್ಕ ಇದನ್ನು ಹೇಳಲಿಲ್ಲ. ಮಗಳು ತಂದೆಯನ್ನು ನೆನೆಸುವುದನ್ನು ರೋಗ ಎಂದು ಯಾರು ಹೇಳಿಯಾರು? ಕಾರಹುಣ್ಣಿಮೆಯ ಹೊತ್ತಿಗೆ ನೆತ್ತಿಗೇರುವುದು ತಾನಾಗಿಯೇ ಕಡಿಮೆಯಾಯಿತು, ಒಂದು ದಿನ ಪೂರ್ತಿ ನಿಂತಿತು. ಗುರುಶಿದ್ದಪ್ಪ ಒಂದು ಬಟ್ಟಲು ಸಾರು-ಅನ್ನವನ್ನು ಒಂದು ಸಲವೂ ಕೆಮ್ಮದೆ ಉಂಡ. ಸಾವಕ್ಕ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಫೋನಿನಲ್ಲಿ ಮಗಳನ್ನು ಕಾಡಿಸಿದಳು. "ಯಾಕವಾ, ಅಪ್ಪನ್ನ ಮರತಬಿಟ್ಟೀ?"

ಆದರೆ ಸಂಜೆಯಾದರೆ ಸಣ್ಣಗೆ ಜ್ವರ. ಅಂಗಿ ಮೈಮೇಲೆ ಜೋಲತೊಡಗಿತು. ದವಾಖಾನೆಗೆ ತೋರಿಸಲು ಹೋದಾಗ ಅಲ್ಲಿ ನಿಶಾತ ಎಂಬ ಹುಡುಗಿ ಫೈಲು ಹಿಡಿದು ಬಂದಳು. ಹಳೇ ಹುಬ್ಬಳ್ಳಿಯ ಮೆಕ್ಯಾನಿಕನೊಬ್ಬನ ಮಗಳು, ಮಾತು ಮತ್ತು ನುಂಗುವಿಕೆಯ ತೊಂದರೆಗಳನ್ನು ನೋಡುವುದನ್ನೇ ಓದಿದವಳು. ಲಕ್ವಾ ಹೊಡೆದ ದೊಡ್ಡವರಲ್ಲಿ ನುಂಗುವ ಶಕ್ತಿ ಎಷ್ಟು ಕೆಟ್ಟಿದೆ, ಅದನ್ನು ಹೇಗೆ ಅಳೆಯಬೇಕು, ಹೇಗೆ ತಿರುಗಿ ತರಬೇಕು ಎಂದು ನಲವತ್ತು ಮಂದಿಯ ಮೇಲೆ ಸಂಶೋಧನೆ ನಡೆಸುತ್ತಿದ್ದಳು. ಗುರುಶಿದ್ದಪ್ಪ ಇಪ್ಪತ್ತಾರನೆಯವನು.

"ಉಣ್ಣೂ ಮುಂದ ಕೆಮ್ಮು ಬರ್ತದೇನ್ರಿ ಇವರಿಗೆ?"

"ಮೊದ್ಲ ದಿನಾ ಬರತಿತ್ತರಿ. ಈಗ ಒಂದ ತಿಂಗಳಾತು, ಒಂದ ಸಲಾನೂ ಇಲ್ಲ," ಎಂದಳು ಸಾವಕ್ಕ ಹೆಮ್ಮೆಯಿಂದ.

ನಿಶಾತಳ ಪೆನ್ನು ನಿಂತಿತು. "ತಾನ ನಿಂತಿತೇನ್ರಿ? ಜ್ವರ ಯಾವಾಗಿಂದ ಬರಾಕತ್ತಾವು?"

"ಅದೂ ಒಂದ ತಿಂಗಳಾತ್ರಿ." ಹೇಳಿದ ಮೇಲೆ ಸಾವಕ್ಕನಿಗೆ ಏನೋ ಕಸಿವಿಸಿಯಾಯಿತು.

ಅದೇ ದಿನ ಮೂಗಿನಿಂದ ಒಂದು ತೆಳ್ಳನೆಯ ಕ್ಯಾಮೆರಾ ಇಳಿಸಿ ಪರೀಕ್ಷೆ ಮಾಡಿದರು. ಪರದೆಯ ಮೇಲೆ ಗಂಡನ ಗಂಟಲು ಕಾಣಿಸಿತು. ಮೂವತ್ತೊಂಬತ್ತು ವರ್ಷ ತುಂಬಿಸಿದ ಗಂಟಲು, ಒಳಗಿನಿಂದ ಆಕೆ ನೋಡಿದ್ದು ಅದೇ ಮೊದಲು. ನಿಶಾತ ಹಸಿರು ಬಣ್ಣ ಹಾಕಿದ ನೀರನ್ನು ಒಂದು ಚಮಚ ಕೊಟ್ಟು ನುಂಗಲು ಹೇಳಿದಳು. ಹಸಿರು ನೀರು ಅನ್ನದ ದಾರಿ ಬಿಟ್ಟು ಉಸಿರಿನ ದಾರಿಗೆ ಸರಸರನೆ ಇಳಿದುಹೋಯಿತು. ಗುರುಶಿದ್ದಪ್ಪ ಕೆಮ್ಮಲಿಲ್ಲ, ಹುಬ್ಬು ಕೂಡ ಗಂಟಿಕ್ಕಲಿಲ್ಲ. ಅಷ್ಟು ಹೊತ್ತು ಶಾಂತವಾಗಿ ಹೆಂಡತಿಯ ಮುಖ ನೋಡುತ್ತ ಕೂತಿದ್ದ.

"ಕೆಮ್ಮಿದ್ರ ಛಲೋ ಇತ್ತರಿ," ಎಂದಳು ನಿಶಾತ. "ತಪ್ಪು ದಾರಿ ಹಿಡದಿದ್ದನ್ನ ಕೆಮ್ಮು ಹೊರಗ ದಬ್ಬತೈತಿ. ಇವರಿಗೆ ಮೊದಲು ಬರ್ತಿತ್ತು, ಅಂದ್ರ ಗಂಟಲಕ್ಕ ಇನ್ನೂ ಎಚ್ಚರ ಇತ್ತು. ಈಗ ಅದೂ ಹೋಗೇತ್ರಿ. ಉಂಡಿದ್ದರಾಗ ಅರ್ಧ ಸುಮ್ಮನ ಎದಿಗೆ ಹೊಂಟೈತಿ."

ಸಾವಕ್ಕ ನೆತ್ತಿಯ ಮೇಲೆ ಬಡಿದ ತನ್ನ ಕೈಯನ್ನೇ ನೋಡಿಕೊಂಡಳು. ಎರಡು ತಿಂಗಳು ಅವನ ಮೈ ದಿನಕ್ಕೆ ಮೂರು ಹೊತ್ತು ಕೂಗಿ ಹೇಳಿತ್ತು, ತಾನು ಮಗಳಿಗೆ ಫೋನು ಮಾಡಿ ನಕ್ಕಿದ್ದಳು. ಕೂಗು ನಿಂತಾಗ ಕಾಯಿ ಒಡೆಸಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಕಟ್ಟಿದವನು ಅಲ್ಲಿ ಎದುರಿಗಿದ್ದರೆ ಆಕೆ ಏನು ಮಾಡುತ್ತಿದ್ದಳೋ ಹೇಳಲಾಗುವುದಿಲ್ಲ.

ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಬಾಯಿಂದ ಏನೂ ಕೊಡಬಾರದು. ಎಂಟು ವಾರ ದಿನಾಲು ವ್ಯಾಯಾಮ, ಗಣಪತಿ ಹಬ್ಬದ ಮೇಲೆ ಇನ್ನೊಂದು ಪರೀಕ್ಷೆ. ಅದರಲ್ಲಿ ಪಾಸಾದರೆ ಮೊದಲು ಗಟ್ಟಿ ಅಂಬಲಿ, ಆಮೇಲೆ ಮುಂದಿನದು. ಫೇಲಾದರೆ ಹೊಟ್ಟೆಗೆ ತೂತು ಮಾಡಿ ಕಾಯಂ ನಳಿಗೆ.

"ಪಾಸ್ ಆಗ್ತಾರೇನ್ ತಂಗಿ?"

"ಮನಸ ಮಾಡಿದ್ರ ಆಗ್ತಾರ್ರಿ. ನಾಲಿಗ್ಯಾಗ ಇನ್ನೂ ಕಸುವೈತಿ. ಎದಿ ಮಾತ್ರ ಕೆಡಬಾರದು ನೋಡ್ರಿ, ಎದಿ ಕೆಟ್ರ ಎಲ್ಲಾ ಹೋಗತೈತಿ."

ಗುರುಶಿದ್ದಪ್ಪ ಮನಸ್ಸು ಮಾಡಿದ. ಮಶೀನಿನ ಮನುಷ್ಯ, ಮೂವತ್ತು ಸಲ ಎಂದರೆ ಮೂವತ್ತು, ಇಪ್ಪತ್ತೊಂಬತ್ತಕ್ಕೆ ಬಿಡುವವನಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು, ಎಂಜಲನ್ನೇ ಜೋರಾಗಿ ನುಂಗುವುದು, ಮಲಗಿಕೊಂಡು ಕುತ್ತಿಗೆ ಎತ್ತಿ ಹೆಬ್ಬೆರಳು ನೋಡುವುದು. ನಿಶಾತ ವಾರಕ್ಕೆರಡು ಸಲ ಚಿಗರಿ ಬಸ್ಸಿನಲ್ಲಿ ಬಂದು ಕುತ್ತಿಗೆಗೆ ಸ್ಟೆತೊಸ್ಕೋಪು ಹಚ್ಚಿ ಕೇಳುತ್ತಿದ್ದಳು. ಒಂದು ದಿನ ಅಂಬಲಿ ಎಷ್ಟು ಗಟ್ಟಿ ಇರಬೇಕು ಎಂಬ ಮಾತು ಬಂತು. ಸಿರಿಂಜಿನಲ್ಲಿ ತುಂಬಿ ಹತ್ತು ಸೆಕೆಂಡು ಬಿಟ್ಟರೆ ಇಷ್ಟೇ ಇಳಿಯಬೇಕು ಎಂದು ಲೆಕ್ಕವಂತೆ. ದವಾಖಾನೆಯಲ್ಲಿ ಎಷ್ಟು ಕುದಿಸಿದರೂ ಒಂದು ದಿನ ನೀರು, ಒಂದು ದಿನ ಗಂಟು ಎಂದು ನಿಶಾತ ಗೊಣಗಿದಳು. ಸಾವಕ್ಕ ಒಳಗೆ ಹೋಗಿ ಜೋಳದ ಹಿಟ್ಟು ಕಲಸಿ ಕುದಿಸಿ ತಂದಳು. ಸಿರಿಂಜಿನಲ್ಲಿ ನೋಡಿದರೆ ಗೆರೆ ತಪ್ಪಿರಲಿಲ್ಲ.

"ಇದನ್ನೇನ್ ಗಡಿಯಾರ ಹಿಡದು ನೋಡ್ತೀರಿ? ಚಮಚಾ ವಾರಿ ಮಾಡಿದ್ರ ಜಾರಬೇಕು, ಸುರೀಬಾರದು. ಅಷ್ಟ."

ಅಂದಿನಿಂದ ನಿಶಾತಳ ಬೇರೆ ರೋಗಿಗಳಿಗೂ ಸಾವಕ್ಕನ ಅಂಬಲಿ ಡಬ್ಬಿಯಲ್ಲಿ ಹೋಗತೊಡಗಿತು. ನವಲಗುಂದದ ಒಬ್ಬ ಮುದುಕಿ ಅದನ್ನು ಕುಡಿದು, ನಳಿಗೆ ತೆಗೆಸಿಕೊಂಡು ಮನೆಗೆ ಹೋದಳಂತೆ. ಆ ಸುದ್ದಿ ಕೇಳಿದ ದಿನ ಸಾವಕ್ಕ ಗಂಡನ ಕಾಲ ಬುಡದಲ್ಲಿ ಕೂತು ಎಷ್ಟೋ ಹೊತ್ತು ಮಾತಾಡಿದಳು. ಗಣಪತಿ ಕಳಿಸಿದ ಮರುದಿನ ಅವನಿಗೂ ಅಂಬಲಿ ಮಾಡುವುದು, ಮೇಲೆ ಒಂದು ಹನಿ ತುಪ್ಪ ಬಿಡಬಹುದೋ ಇಲ್ಲವೋ ನಿಶಾತಳನ್ನು ಕೇಳುವುದು. ಅವನು ಎಡಗೈಯಿಂದ ಆಕೆಯ ಬಳೆ ಹಿಡಿದು ಕೇಳುತ್ತಿದ್ದ.

ನಳಿಗೆ ಹಾಕಿದ ನಾಲ್ಕನೆಯ ದಿನವೇ ಅವನು ಮೊಳೆಯ ಮೇಲಿನ ಚಮಚದ ಕಡೆ ಬೆರಳು ತೋರಿಸಿದ್ದ. ಸಾವಕ್ಕ ಒಂದು ಗಳಿಗೆ ಯೋಚಿಸಿದಳು. ಬಾಯಿಂದ ಉಣಿಸಬಾರದು ಎಂದಿದ್ದಾರೆ. ಸರಿ, ಉಣಿಸುತ್ತಿಲ್ಲ. ಶ್ರಾವಣದ ಉಪವಾಸವೇ ಮುರಿಯದ್ದು ಇದರಿಂದ ಏನು ಮುರಿದೀತು? ಇಡೀ ಮನೆಯಲ್ಲಿ ಅವನಿಗೆ ಉಳಿದದ್ದು ಈ ಒಂದೇ ಕೆಲಸ, ಅದನ್ನೂ ಕಸಿದುಕೊಂಡರೆ ಗಂಡಸು ಯಾವುದಕ್ಕೆ ಏಳಬೇಕು? ಸಾರು ತೆಗೆದು ಊದಿ ಬಾಯಿಗೆ ಹಿಡಿದಳು. ಅವನು ಕಣ್ಣು ಮುಚ್ಚಿದ. ಲಕ್ವಾ ಹೊಡೆದ ಮೇಲೆ ಮೊದಲ ಸಲ ಆ ಗಂಟಲಿನಿಂದ ದನಿ ಬಂತು.

"ಹೂಂ."

ಆಮೇಲೆ ದಿನಾಲು ಮುಂಜಾನೆ ಒಂದು ಚಮಚ. ನಿಶಾತ ಕೊಟ್ಟ ವಹಿಯಲ್ಲಿ 'ಇಂದು ಬಾಯಿಯ ಮೂಲಕ ಊಟ, ನೀರು ಏನಾದರೂ ಕೊಟ್ಟಿದ್ದೀರಾ?' ಎಂಬ ಪ್ರಶ್ನೆ ಇತ್ತು. ನಾಲ್ಕನೇ ಇಯತ್ತೆ ಕಲಿತ ಸಾವಕ್ಕ ಅದರ ಎದುರು ತನ್ನ ದುಂಡನೆಯ ಅಕ್ಷರದಲ್ಲಿ ದಿನಾಲು 'ಇಲ್ಲ' ಎಂದು ಬರೆದಳು. ಸುಳ್ಳು ಬರೆಯುತ್ತಿದ್ದೇನೆ ಎಂದು ಆಕೆಗೆ ಒಮ್ಮೆಯೂ ಅನ್ನಿಸಲಿಲ್ಲ.

ಆರನೆಯ ವಾರ, ಪರೀಕ್ಷೆಗೆ ಹದಿನೈದು ದಿನ ಇದೆ ಎನ್ನುವಾಗ, ಅವನಿಗೆ ಉಸಿರು ಹತ್ತಿಬಂತು. ಮೈ ಕೆಂಡ. ದವಾಖಾನೆಯಲ್ಲಿ ನ್ಯುಮೋನಿಯಾ ಎಂದರು. ಹನ್ನೊಂದು ದಿನ ಐಸಿಯು, ಆಮೇಲೆ ವಾರ್ಡು. ನಿಶಾತಳಿಗೆ ತಲೆಬುಡ ತಿಳಿಯಲಿಲ್ಲ. ತಲೆ ಎತ್ತರಿಸಿ ಮಲಗಿಸಿದ್ದಾರೆ, ಬಾಯಿ ಸ್ವಚ್ಛ ಇದೆ, ವಹಿಯಲ್ಲಿ ದಿನಾಲು 'ಇಲ್ಲ'. ಮೂರನೆಯ ದಿನ ಆಕೆ ಐಸಿಯು ಹೊರಗಿನ ಬಾಕಿನ ಮೇಲೆ ಸಾವಕ್ಕನ ಮಗ್ಗುಲು ಕೂತಳು.

"ಸಾವಕ್ಕಾರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎದಿಯಿಂದ ಕಫಾ ಎಳದ್ರಲ್ಲ, ಅದರಾಗ ಸಾಸಿವಿ ಸಿಪ್ಪಿ ಬಂದೈತಿ."

"ಸಾರಿಂದಿರಬೇಕ್ರಿ," ಎಂದಳು ಸಾವಕ್ಕ ಸಹಜವಾಗಿ. "ನಾ ಉಣಸಿಲ್ರಿ ಮತ್ತ. ಬರೇ ಉಪ್ಪು ನೋಡಾಕ. ಒಂದ ಚಮಚಾ, ಮುಂಜಾನಿ ಒಮ್ಮೆ."

ಹೇಳುತ್ತ ಹೇಳುತ್ತ ಆಕೆಯ ದನಿ ಸಣ್ಣದಾಯಿತು. ಪರದೆಯ ಮೇಲೆ ಕಂಡ ಹಸಿರು ನೀರು ನೆನಪಾಯಿತು. ಅದೂ ಒಂದೇ ಚಮಚ ಇತ್ತು. ತನ್ನ ಕೈಯಾರೆ, ಊದಿ ಆರಿಸಿ, ಮೂವತ್ತೇಳು ದಿನ.

ನಿಶಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಾವಕ್ಕ ಆಮೇಲೆ ಮಗಳ ಮುಂದೆ ಅತ್ತಳು. ಆ ಹುಡುಗಿ ತಲೆ ತಗ್ಗಿಸಿ, "ತಪ್ಪು ನಂದೂ ಐತ್ರಿ. ಊಟಾ, ನೀರು ಅಂತ ಕೇಳಿದೆ. ರುಚಿ ನೋಡಾಕ ಏನರ ಕೊಡ್ತೀರೇನು ಅಂತ ಕೇಳಬೇಕು ಅಂತ ನನಗ ಹೊಳೀಲಿಲ್ಲ," ಎಂದಳು.

"ನೀ ಯಾಕ ಹೊತಗೊಂತಿ ತಂಗಿ. ಆ ಕೈ ನಂದ ಅಲ್ಲ?"

ದಸರಾ ಮುಗಿದ ಮೇಲೆ ಎರಡನೆಯ ಪರೀಕ್ಷೆ ಆಯಿತು. ಗುರುಶಿದ್ದಪ್ಪ ಆಗ ಮೂಳೆ ಚಕ್ಕಳವಾಗಿದ್ದ, ಕುತ್ತಿಗೆ ಎತ್ತುವ ಶಕ್ತಿಯೂ ಇರಲಿಲ್ಲ. ಆದರೂ ಪರೀಕ್ಷೆ ಎಂದು ಗೊತ್ತಾಗಿ ನೆಟ್ಟಗೆ ಕೂತ. ಸಾವಕ್ಕನೇ ಮನೆಯಿಂದ ಅಂಬಲಿ ಮಾಡಿ ತಂದಿದ್ದಳು. ನಿಶಾತ ಹಸಿರು ಬಣ್ಣ ಬೆರೆಸಿ, ಗದ್ದ ಎದೆಗೆ ತಾಗಿಸಿ ಜೋರಾಗಿ ನುಂಗಲು ಹೇಳಿದಳು. ಅವನು ನುಂಗಿದ. ಅಂಬಲಿ ಗಂಟಲಲ್ಲಿ ಕೂತುಕೊಂಡಿತು. ಇನ್ನೊಮ್ಮೆ ನುಂಗಿದ, ಮತ್ತೊಮ್ಮೆ ನುಂಗಿದ, ಹಣೆ ಬೆವೆತಿತು. ಆಮೇಲೆ ಅಂಬಲಿ ನಿಧಾನವಾಗಿ ಉಸಿರಿನ ದಾರಿಗೇ ಜಾರಿತು. ಕೆಮ್ಮು ಬರಲಿಲ್ಲ. ಪಾಸಾದೆನೇ ಎಂದು ಕೇಳುವವನ ಹಾಗೆ ಅವನು ನಿಶಾತಳ ಮುಖ ನೋಡಿದ, ಆಕೆ ಪರದೆಯ ಕಡೆ ತಿರುಗಿದಳು.

"ಮತ್ತ ಎಂಟ ವಾರಾ ಮಾಡಿಸಿದ್ರ?" ಸಾವಕ್ಕ ಹೊರಗೆ ಬಂದು ಕೇಳಿದಳು.

"ಇಲ್ರಿ ಸಾವಕ್ಕಾರ. ಸುಳ್ಳು ಹೇಳಂಗಿಲ್ಲ ನಾ. ಇನ್ನ ಬಾಯಿಂದ ಆಗಂಗಿಲ್ಲ."

ಹೊಟ್ಟೆಗೆ ತೂತು ಮಾಡಿ ನಳಿಗೆ ಕೂಡಿಸಿದರು. ನಿಶಾತಳ ಸಂಶೋಧನೆ ಮುಗಿಯಿತು. ನಲವತ್ತರಲ್ಲಿ ಇಪ್ಪತ್ತೆರಡು ಮಂದಿ ಬಾಯಿಂದ ಉಣ್ಣುವಂತಾದರು, ಗುರುಶಿದ್ದಪ್ಪ ಉಳಿದವರ ಪಟ್ಟಿಯಲ್ಲಿದ್ದ. ಆಕೆಯ ಪ್ರಶ್ನೆಗಳ ಹಾಳೆಯಲ್ಲಿ ಕೊನೆಗೆ ಹೊಸದೊಂದು ಪ್ರಶ್ನೆ ಸೇರಿತು: 'ರುಚಿ ನೋಡಲೆಂದು ನಾಲಿಗೆಗೆ ಏನಾದರೂ ಕೊಡುತ್ತೀರಾ?' ಹಾಳೆಯನ್ನು ತಂದು ಸಾವಕ್ಕನಿಗೆ ತೋರಿಸಿದಳು. ಸಾವಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿ, ಮಡಿಚಿ ಹಿಂದಕ್ಕೆ ಕೊಟ್ಟಳು. ಇದರಿಂದ ಯಾರ ಮನೆಯ ಗಂಡಸಾದರೂ ಉಳಿದಾನು, ಒಳ್ಳೆಯದೇ. ಆಕೆಯ ಮನೆಯವನಿಗೆ ಆದದ್ದು ಆಗಿಹೋಗಿತ್ತು.

ಖಾನಾವಳಿಯನ್ನು ಜಯಾ ಬಂದು ಹೇಗೋ ನಡೆಸಿದಳು. ಮೊಳೆಯ ಮೇಲಿನ ಚಮಚವನ್ನು ಸಾವಕ್ಕ ತೆಗೆದು ಅಡಕಲು ಗಡಿಗೆಗಳ ಹಿಂದೆ ಎಸೆದಿದ್ದಳು. ಸಾರು ಒಂದು ದಿನ ಸಪ್ಪೆ, ಒಂದು ದಿನ ಕಟು ಉಪ್ಪು. ಹನಮೇಶ ಕೊನೆಯ ಚೂರಿನವರೆಗೂ ಉಂಡು ಏಳುತ್ತಿದ್ದ. ಅದನ್ನು ನೋಡಲಾರದೆ ಸಾವಕ್ಕ ಒಳಗೆ ಹೋಗುತ್ತಿದ್ದಳು.

ಇನ್ನೊಂದು ಕಷ್ಟ ಇತ್ತು, ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಗಂಡ ಉಣ್ಣದೆ ಉಂಡವಳಲ್ಲ ಆಕೆ. ಈಗ ಅವನು ಯಾವತ್ತೂ ಉಣ್ಣುವುದಿಲ್ಲ. ಹಾಗಾದರೆ ತಾನು ಉಣ್ಣುವ ಹೊತ್ತು ಯಾವುದು? ಹಿತ್ತಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ನಿಂತುಕೊಂಡು ಕಳ್ಳಿಯ ಹಾಗೆ ಎರಡು ತುತ್ತು ನುಂಗಿ ಬರುತ್ತಿದ್ದಳು. ಬಂದು ಬಾಯಿ ಒರೆಸಿಕೊಂಡು ಅವನ ಮುಂದೆ ಕೂತರೆ ಅವನ ಮೂಗಿನ ಹೊಳ್ಳೆ ಅರಳುತ್ತಿತ್ತು. ಅವನಿಗೆ ಎಲ್ಲ ಗೊತ್ತಿತ್ತು.

ಒಂದು ಮಧ್ಯಾಹ್ನ, ಉಣ್ಣುವವರೆಲ್ಲ ಹೋದ ಮೇಲೆ, ಆಕೆ ತಾಟು ಹಿಡಿದು ಹಿತ್ತಲಿಗೆ ಹೊರಟಾಗ ಅವನು ಎಡಗೈಯಿಂದ ಮಂಚ ಬಡಿದ. ತಾಟು ತೋರಿಸಿದ. ಆಮೇಲೆ ಮಂಚದ ಪಕ್ಕದ ನೆಲ ತೋರಿಸಿದ.

"ನೀವು ಉಣಲಾರದ ನಾ ಹೆಂಗ ಉಣ್ಲ್ರಿ ನಿಮ್ಮ ಮುಂದ?"

ಅವನು ಮತ್ತೆ ಬಡಿದ. ಇನ್ನೂ ಜೋರಾಗಿ ಬಡಿದ. ಸಾವಕ್ಕ ಕೂತಳು. ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಉಪ್ಪು ಹೆಚ್ಚಾಗಿತ್ತು. ಇದನ್ನು ಇವನಿಗೆ ಹೇಳಬೇಕು ಎಂದು ಬಾಯಿ ತೆರೆದಳು, ಅಷ್ಟರಲ್ಲಿ ಅಳು ಉಕ್ಕಿ ತುತ್ತು ನೆತ್ತಿಗೇರಿತು. ಕೆಮ್ಮು ಹತ್ತಿತು. ತಾಟು ನೆಲಕ್ಕಿಟ್ಟು, ಮಂಚದ ಕಾಲು ಹಿಡಿದು, ಕಣ್ಣು ಮೂಗಿನಲ್ಲಿ ನೀರು ಸುರಿಯುವಂತೆ ಕೆಮ್ಮಿದಳು. ಗಟ್ಟಿಮುಟ್ಟಾದ, ಒಳ್ಳೆಯ ಕೆಮ್ಮು. ತಪ್ಪು ದಾರಿಗೆ ಹೋದದ್ದನ್ನೆಲ್ಲ ಅದು ಹೊರಗೆ ತಂದು ಹಾಕಿತು.

ಅವನ ಎಡಗೈ ಮಂಚದಿಂದ ಇಳಿದು ಆಕೆಯ ನೆತ್ತಿಯ ಮೇಲೆ ಬಂದು ಕೂತಿತು. ಮೆಲ್ಲಗೆ ಬಡಿಯಿತು, ಒಂದು ಸಲ, ಎರಡು ಸಲ. ಸಾವಕ್ಕ ತಲೆ ಎತ್ತಿದಳು. ಅವನು ಆ ಕೈಯನ್ನು ಹಿಂದಕ್ಕೆ ತೆಗೆದು ತನ್ನ ಎದೆಯ ಮೇಲಿಟ್ಟುಕೊಂಡ. ಸೊಟ್ಟಬಾಯಿ ಬಹಳ ಹೊತ್ತು ಒದ್ದಾಡಿತು.

"ನಾ," ಎಂದ.

ನೆನೆಸುತ್ತಿರುವವನು ತಾನು ಎಂದು ಅವನು ಹೇಳುತ್ತಿದ್ದ. ಮೊಳದಳತೆಯಲ್ಲಿ ಕೂತವರು ಯಾರೂ ನೆನೆಸುವುದಿಲ್ಲ, ದೂರ ಇರುವವರು ನೆನೆಸುತ್ತಾರೆ; ಆಕೆಯ ತಾಟಿನಿಂದ ಅವನೀಗ ಅಷ್ಟು ದೂರ. ಸಾವಕ್ಕನಿಗೆ ಅದು ಪೂರ್ತಿ ತಿಳಿಯಿತು. ಆಕೆ ತಾಟನ್ನು ತೊಡೆಯ ಮೇಲೆ ಎಳೆದುಕೊಂಡು ಇನ್ನೊಂದು ತುತ್ತು ಮುರಿದು ಬಾಯಿಗಿಟ್ಟಳು, ಅಗಿದಳು, ನುಂಗಿದಳು. ಅದು ಇಳಿದು ಹೋಗುವವರೆಗೂ ಅವನು ಆಕೆಯ ಗಂಟಲನ್ನೇ ನೋಡುತ್ತಿದ್ದ.